ಕೋಲು ಮಕ್ಕಳ ಕೈಯಲ್ಲಿರಲಿ

ಪಿಎಚ್‌ಡಿ ಮಾಡುತ್ತಿರುವ, ಈಗಷ್ಟೇ ಮುಗಿಸಿರುವ ನಿಮ್ಮಂಥ ಹುಡುಗ ಹುಡುಗಿಯರು ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ವಿಜ್ಞಾನ ಮಾಡಬೇಕೆಂದು ಹೊರಟಿರುವುದು ನನಗೆ ತುಂಬ ಸಂತೋಷದ ವಿಷಯ. ಆ ಸಂತೋಷದ ಸಲುಗೆಯಿಂದಲೇ ಒಂದೆರಡು ಮಾತು ಹೇಳುತ್ತೇನೆ.

ಫೆಬ್ರವರಿ 28ಕ್ಕೆ ಕಾಯಬೇಡಿ. ವಿಜ್ಞಾನ ದಿನದಂದು ಶಾಲೆಗೆ ಅತಿಥಿಗಳಿಗೇನೂ ಬರವಿಲ್ಲ. ಹಾರ, ಶಾಲು, ಭಾಷಣ, ಬಣ್ಣ ಬದಲಾಯಿಸುವ ದ್ರಾವಣ, ಹೊಗೆಯಾಡುವ ಡ್ರೈ ಐಸ್, ಕೊನೆಗೆ ಚಪ್ಪಾಳೆ. ಮಕ್ಕಳು ಖುಷಿಪಡುತ್ತಾರೆ, ನಿಜ. ಜಾದೂಗಾರ ಬಂದು ಹೋದಾಗಲೂ ಅಷ್ಟೇ ಖುಷಿಪಡುತ್ತಾರೆ. ನಿಮ್ಮ ಕೈಚಳಕ ನೋಡಿದ ಮಗುವಿಗೆ ಇದೆಲ್ಲ ಲ್ಯಾಬ್ ಇರುವ ದೊಡ್ಡವರ ಕೆಲಸ ಎಂದು ಅನ್ನಿಸಿಬಿಟ್ಟರೆ, ನೀವು ಹೋಗದೆ ಇದ್ದಿದ್ದರೇ ಒಳ್ಳೆಯದಿತ್ತು.

ನನ್ನನ್ನು ಕೇಳಿದರೆ, ಒಂದು ಕೋಲು ತೆಗೆದುಕೊಂಡು ಹೋಗಿ. ಒಂದು ಮೀಟರ್ ಉದ್ದದ ನೇರವಾದ ಕೋಲು, ದಾರಕ್ಕೆ ಕಟ್ಟಿದ ಕಲ್ಲು, ಅಳತೆ ಟೇಪು, ಸೀಮೆಸುಣ್ಣ, ಇಷ್ಟು ಸಾಕು. ಮಕ್ಕಳು ತೂಗುಬಿಟ್ಟ ದಾರವನ್ನು ಪಕ್ಕದಲ್ಲಿ ಹಿಡಿದು ನೋಡಿ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಲಿ. ಹನ್ನೊಂದೂವರೆಯಿಂದ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಮಕ್ಕಳೇ ಗುರುತು ಹಾಕಲಿ. ಗಡಿಯಾರದಲ್ಲಿ ಹನ್ನೆರಡಾದಾಗ ಸೂರ್ಯ ದಿನದ ಅತಿ ಎತ್ತರಕ್ಕೆ ಬರುತ್ತಾನೆ ಎಂದು ಅವರೆಲ್ಲ ನಂಬಿರುತ್ತಾರೆ. ಹನ್ನೆರಡು ದಾಟಿದರೂ ನೆರಳು ಕುಗ್ಗುತ್ತಲೇ ಇರುತ್ತದೆ. ಜನವರಿ ಕೊನೆಯಲ್ಲಾದರೆ ಬೆಂಗಳೂರಿನಲ್ಲಿ ಅದು ಅತಿ ಗಿಡ್ಡವಾಗುವುದು ಹನ್ನೆರಡೂವರೆಯ ಸುಮಾರಿಗೆ.

ಆಗ ಪ್ರಶ್ನೆಗಳು ಶುರುವಾಗುತ್ತವೆ. ನಿಮ್ಮ ನಾಲಿಗೆಯ ತುದಿಯಲ್ಲಿ ಉತ್ತರ ಇರುತ್ತದೆ: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರುವುದು 77.6ರಲ್ಲಿ, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಇಪ್ಪತ್ತು ನಿಮಿಷ ತಡ. ದಯವಿಟ್ಟು ಅದನ್ನು ಹೇಳಿಬಿಡಬೇಡಿ. ಗೋಡೆಯ ಮೇಲಿನ ಭೂಪಟ ಇಳಿಸಿ ಅವರ ಮುಂದೆ ಹಾಸಿ, ಸುಮ್ಮನಿರಿ. ಸುಮ್ಮನಿರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಯಾವ ವಿಶ್ವವಿದ್ಯಾಲಯವೂ ನಿಮಗೆ ಕಲಿಸಿರುವುದಿಲ್ಲ. ಉಳಿದ ಹನ್ನೆರಡು ಹದಿಮೂರು ನಿಮಿಷಕ್ಕೆ ಭೂಮಿಯ ಓರೆಯೂ ಅದರ ಅಂಡಾಕಾರದ ಕಕ್ಷೆಯೂ ಕಾರಣ. ಅದು ಮುಂದಿನ ಭೇಟಿಗಿರಲಿ.

ಇನ್ನೂ ಮುಂದೆ ಹೋಗಬಹುದು. ಚಾಮರಾಜನಗರವೂ ಬೀದರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ನಡುವೆ ಅಕ್ಷಾಂಶದಲ್ಲಿ ಆರು ಡಿಗ್ರಿ ಅಂತರ. ಜನವರಿ 31ರಂದು ಒಂದು ಮೀಟರ್ ಕೋಲಿನ ಅತಿ ಗಿಡ್ಡ ನೆರಳು ಚಾಮರಾಜನಗರದಲ್ಲಿ ಸುಮಾರು 56 ಸೆಂಟಿಮೀಟರ್, ಬೀದರಿನಲ್ಲಿ 71. ಎರಡೂ ಕಡೆ ಒಂದೊಂದು ಶಾಲೆ ಹಿಡಿಯಿರಿ. ಮಕ್ಕಳು ಫೋನಿನಲ್ಲಿ ಅಳತೆ ಹಂಚಿಕೊಳ್ಳಲಿ. ಎಂಟನೇ ತರಗತಿಗೆ ತ್ರಿಕೋನಮಿತಿ ಬಂದಿರುವುದಿಲ್ಲ, ಬೇಕಾಗಿಯೂ ಇಲ್ಲ. ಗ್ರಾಫ್ ಹಾಳೆಯಲ್ಲಿ ಕೋಲು ಮತ್ತು ನೆರಳಿನ ತ್ರಿಕೋನ ಬರೆದು ಕೋನಮಾಪಕ ಇಟ್ಟರೆ ಆಯಿತು; ಎರಡು ಊರಿನ ಕೋನಗಳ ವ್ಯತ್ಯಾಸವೇ ಆ ಆರು ಡಿಗ್ರಿ. ಎರಡು ಊರಿನ ನಡುವಿನ ನೇರ ದೂರ ಸುಮಾರು 660 ಕಿಲೋಮೀಟರ್. ಆರು ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಹತ್ತಿರಕ್ಕೆ ಬರುತ್ತದೆ. 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ ಲೆಕ್ಕವನ್ನು ಹಳ್ಳಿಯ ಹುಡುಗಿಯೊಬ್ಬಳು ತನ್ನ ಶಾಲೆಯ ಅಂಗಳದಲ್ಲಿ ನಿಂತು ಮಾಡುತ್ತಾಳೆ.

ಆದರೆ ಮೊದಲ ಸಲವೇ 40,000 ಬರುವುದಿಲ್ಲ. ಒಂದು ಶಾಲೆಯವರು ನೆರಳಿನಲ್ಲಿ ಒಂದೇ ಸೆಂಟಿಮೀಟರ್ ತಪ್ಪಿದರೂ ಸುತ್ತಳತೆ ಮೂರು ಸಾವಿರ ಕಿಲೋಮೀಟರಿನಷ್ಟು ಹೆಚ್ಚುಕಡಿಮೆಯಾಗುತ್ತದೆ. ಆಗ ನಿಮ್ಮ ಕೈ ತಿದ್ದಲು ಹೋಗುತ್ತದೆ. ತಿದ್ದಬೇಡಿ. ಕೋಲು ವಾಲಿತ್ತೇ, ನೆಲ ಸಮವಿತ್ತೇ, ನೆರಳಿನ ಮಸುಕಾದ ಅಂಚನ್ನು ಎಲ್ಲಿಗೆಂದು ಹಿಡಿದರು, ಇವನ್ನೆಲ್ಲ ಅವರೇ ಹುಡುಕಿ ಮತ್ತೆ ಅಳೆಯಲಿ. ನೀವು ಲ್ಯಾಬಿನಲ್ಲಿ ದಿನವೂ ಮಾಡುವುದು ಇದನ್ನೇ ಅಲ್ಲವೇ? ಪುಸ್ತಕದಲ್ಲಿ ಸಿದ್ಧ ಉತ್ತರ ಮಾತ್ರ ಕಾಣುವ ಮಕ್ಕಳಿಗೆ ವಿಜ್ಞಾನಿಯೊಬ್ಬರು ತೋರಿಸಿಕೊಡಬೇಕಾದದ್ದೂ ಇದನ್ನೇ. ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿಗೆ ನೆರಳೇ ಇಲ್ಲದಾಗುವ ಶೂನ್ಯ ನೆರಳಿನ ದಿನಕ್ಕೆ ಎಲ್ಲರೂ ಆಸೆಪಡುತ್ತಾರೆ, ಆದರೆ ಬೆಂಗಳೂರಿಗೆ ಅದು ಏಪ್ರಿಲ್ 24ರ ಸುಮಾರಿಗೆ ಬಂದಾಗ ಶಾಲೆಗೆ ರಜೆ, ಆಗಸ್ಟ್ 18ರ ಸುಮಾರಿಗೆ ಬಂದಾಗ ಮೋಡ. ಸಾಧಾರಣ ಬಿಸಿಲಿನ ದಿನವೇ ನಿಮಗೆ ಹೆಚ್ಚು ಒದಗುತ್ತದೆ.

ಗುಂಪು ಮಾಡಿದಾಗ ಒಂದನ್ನು ಗಮನಿಸಿ. ಟೇಪು, ಕೋಲು ಹುಡುಗರ ಕೈಗೆ ಹೋಗುತ್ತವೆ, ಬರೆದುಕೊಳ್ಳುವ ಕೆಲಸ ಹುಡುಗಿಯರಿಗೆ ಬರುತ್ತದೆ. ಯಾರೂ ಹೇಳದೆಯೇ ಹೀಗಾಗುತ್ತದೆ. ಅದನ್ನು ಅಲ್ಲೇ ಅದಲುಬದಲು ಮಾಡಿ.

ಹೋಗುವ ಮೊದಲು ಎಂಟನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕ ಓದಿಕೊಳ್ಳಿ. ಆ ಶಾಲೆಯ ವಿಜ್ಞಾನದ ಮೇಷ್ಟ್ರ ಜೊತೆ, ಮೇಡಂ ಜೊತೆ ಒಂದು ಗಂಟೆ ಕುಳಿತು ಮಾತಾಡಿ. ಮಕ್ಕಳೆದುರು ಅವರನ್ನು ಮೂಲೆಗೆ ಸರಿಸುವಂಥ ಕೆಲಸ ಎಂದೂ ಮಾಡಬೇಡಿ. ನೀವು ಬಸ್ಸು ಹತ್ತಿದ ಮೇಲೆ ಆ ಕೋಲು ನಿಲ್ಲಿಸುವವರು ಅವರೇ.

ಶಿಕ್ಷಕರ ಜೊತೆಗೂಡಿ ಹೀಗೆ ಮಾಡಿದವರು ಹಿಂದೆಯೂ ಇದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ 16 ಶಾಲೆಗಳಲ್ಲಿ, ಮಾಡಿ ಕಲಿಯುವ ವಿಜ್ಞಾನದ ಕಾರ್ಯಕ್ರಮ ಶುರುವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ, ದೆಹಲಿ ವಿಶ್ವವಿದ್ಯಾಲಯದಿಂದ ವಿಜ್ಞಾನಿಗಳು ಅಲ್ಲಿಗೆ ಹೋಗಿ ಶಿಕ್ಷಕರೊಂದಿಗೆ ಕುಳಿತು ಪಾಠ ಕಟ್ಟಿದರು. ಮಕ್ಕಳು ಪರೀಕ್ಷೆಗೆ ಪುಸ್ತಕ ತಂದುಕೊಂಡು, ಪ್ರಯೋಗ ಮಾಡಿ ಉತ್ತರ ಬರೆಯುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆದರೂ 30 ವರ್ಷ ನಡೆಯಿತಲ್ಲ, ಅದಕ್ಕೆ ಕಾರಣ ಆ ವಿಜ್ಞಾನಿಗಳು ಒಮ್ಮೆ ಹೋಗಿ ಫೋಟೊ ತೆಗೆಸಿಕೊಂಡು ಬಂದವರಲ್ಲ, ಮತ್ತೆ ಮತ್ತೆ ಹೋದವರು.

ಪ್ರಬಂಧಗಳ ಒತ್ತಡ, ಗೈಡ್ ಏನಂದಾರು ಎಂಬ ಅಳುಕು ನಿಮಗಿದೆ, ಬಲ್ಲೆ. ಅದಕ್ಕೇ ಹತ್ತು ಶಾಲೆ ಬೇಡ ಎನ್ನುತ್ತಿದ್ದೇನೆ. ನಿಮ್ಮ ಸಂಸ್ಥೆಗೆ ಹತ್ತಿರದ ಒಂದೇ ಸರ್ಕಾರಿ ಶಾಲೆ ಆರಿಸಿಕೊಳ್ಳಿ, ಮೂರು ವರ್ಷ ಅದನ್ನು ಬಿಡಬೇಡಿ. ಈ ವಾರವೇ ಅಲ್ಲಿನ ಮುಖ್ಯ ಶಿಕ್ಷಕರನ್ನು ಕಂಡು, ಯಾವ ದಿನ ಬರಬಹುದೆಂದು ಕೇಳಿಕೊಂಡು ಬನ್ನಿ.