ಬೆನ್ನಿಗೊಂದು ಬ್ಯಾಗು, ಜೊತೆಗೊಬ್ಬ ಗೆಳೆಯ: ಖಾನಾಪುರದ ಕಾಡಿಗೆ ಹೊರಡುವ ಮುನ್ನ

ಮಳೆಗಾಲ ಶುರುವಾಗಿ ಒಂದೆರಡು ವಾರ ಕಳೆಯುವಷ್ಟರಲ್ಲಿ ಬೆಳಗಾವಿಯ ಅನೇಕ ಮನೆಗಳಲ್ಲಿ ಒಂದೇ ಬೇಡಿಕೆ ಏಳುತ್ತದೆ: ಶನಿವಾರ ದೋಸ್ತನ ಜೊತೆ ಖಾನಾಪುರದ ಕಡೆ ಹೋಗಿ ಬರಲೇ? ಕಾಲೇಜು ಹುಡುಗರಿಗೆ ಇದಕ್ಕಿಂತ ಅಗ್ಗದ ಪ್ರವಾಸ ಸಿಗುವುದು ಕಷ್ಟ. ಖಾನಾಪುರ ಪಟ್ಟಣಕ್ಕೆ ಬೆಳಗಾವಿಯಿಂದ ಸುಮಾರು 26 ಕಿ.ಮೀ. ಬಸ್ಸೂ ಇದೆ, ರೈಲೂ ಇದೆ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯವರೆಗೆ ಹೋದರೂ ಐವತ್ತು ಕಿ.ಮೀ. ಆಸುಪಾಸು. ಒಂದು ಬ್ಯಾಗು, ಎರಡು ದಿನದ ಊಟ, ಬಸ್ ಚಾರ್ಜು ಇದ್ದರೆ ಸಾಕು.

ಹೆತ್ತವರು ಹೆದರುವುದು ಜಾರುವ ಬಂಡೆಗೆ, ತುಂಬಿ ಹರಿಯುವ ಹಳ್ಳಕ್ಕೆ. ಆ ಹೆದರಿಕೆ ಸರಿಯಾದದ್ದೇ. ಆದರೆ ಮಗ ಕೈಕಾಲು ಗಟ್ಟಿಯಾಗಿ ಮನೆಗೆ ಮರಳಿದ ಹತ್ತು ದಿನಗಳ ನಂತರ ಬರುವ ಜ್ವರದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆಗ ಪ್ರವಾಸ ಎಲ್ಲರಿಗೂ ಮರೆತುಹೋಗಿರುತ್ತದೆ. ವೈದ್ಯರಿಗೂ ಯಾರೂ ಅದನ್ನು ಹೇಳುವುದಿಲ್ಲ.

ಬೆನ್ನುಚೀಲ ಹೊತ್ತು ಕಡಿಮೆ ಖರ್ಚಿನಲ್ಲಿ ಉಷ್ಣವಲಯ ಸುತ್ತುವುದು ಎಂದರೆ ನಮಗೆ ಥಾಯ್ಲೆಂಡ್, ವಿಯೆಟ್ನಾಂ ನೆನಪಾಗುತ್ತವೆ. ಅಲ್ಲಿಗೆ ಹೊರಡುವ ಯುರೋಪಿನ ಯುವಕರು ಮೊದಲು ವೈದ್ಯರನ್ನು ಕಂಡು, ಯಾವ ನೀರು ಕುಡಿಯಬೇಕು, ಯಾವ ಜ್ವರಕ್ಕೆ ಎಚ್ಚರವಿರಬೇಕು ಎಂದು ಕೇಳಿಕೊಳ್ಳುತ್ತಾರೆ. ನಾವು ಹುಟ್ಟಿ ಬೆಳೆದದ್ದೇ ಉಷ್ಣವಲಯದಲ್ಲಿ. ಹಾಗಾಗಿ 'ನಮಗೇನಾಗುತ್ತದೆ' ಎಂಬ ಧೈರ್ಯ. ಬೆಳಗಾವಿಯಲ್ಲಿ ಫಿಲ್ಟರ್ ನೀರು ಕುಡಿದು ಬೆಳೆದ ಹುಡುಗ ಭೀಮಗಡದ ಅಂಚಿನ ಹಳ್ಳಿಗೆ ಹೋದಾಗ ಅವನ ಹೊಟ್ಟೆ, ಅವನ ಚರ್ಮ ಅಲ್ಲಿಗೆ ಪರವೂರಿನವೇ. ಅಥಣಿ, ರಾಯಬಾಗದಂಥ ಬಯಲು ತಾಲೂಕುಗಳಿರುವ ಜಿಲ್ಲೆಯಲ್ಲೇ ಖಾನಾಪುರ ಮಳೆಕಾಡಿನ ತಾಲೂಕು. ಇಲ್ಲಿನ ಕಾಯಿಲೆಗಳ ಪಟ್ಟಿಯೂ ಬೇರೆ.

ಮೊದಲು ಗೆಳೆಯನ ವಿಷಯ. ಇಬ್ಬರೇ ಹೋಗುವಾಗ ಒಬ್ಬನಿಗೆ ಇನ್ನೊಬ್ಬನೇ ಆಂಬುಲೆನ್ಸ್, ಅವನೇ ದಾದಿ. ಹೊರಡುವ ಹಿಂದಿನ ದಿನ ಹತ್ತು ನಿಮಿಷ ಕುಳಿತು ಮಾತಾಡಬೇಕು. ನಿನಗೆ ದಮ್ಮು ಇದೆಯೇ, ಇನ್‌ಹೇಲರ್ ಯಾವ ಜೇಬಿನಲ್ಲಿರುತ್ತದೆ? ಫಿಟ್ಸ್ ಬಂದದ್ದುಂಟೇ? ಯಾವ ಮಾತ್ರೆ ಆಗಿಬರುವುದಿಲ್ಲ? ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಗೆಳೆಯನಿದ್ದರೆ, ಅವನು ನಡೆಯುತ್ತಾ ಬೆವೆತು, ನಡುಗಿ, ಅಸಂಬದ್ಧ ಮಾತಾಡಲು ತೊಡಗಿದ ಕೂಡಲೇ ಸಕ್ಕರೆ ಅಥವಾ ಬೆಲ್ಲ ಕೊಡಬೇಕು ಎಂಬುದು ಇನ್ನೊಬ್ಬನಿಗೆ ಗೊತ್ತಿರಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ನಮ್ಮ ಹುಡುಗರು ಗೆಳೆಯನ ಮೊಬೈಲ್ ಪಾಸ್‌ವರ್ಡ್ ತಿಳಿದಿರುತ್ತಾರೆ, ಅವನ ರಕ್ತದ ಗುಂಪು ತಿಳಿದಿರುವುದಿಲ್ಲ. ಇನ್ನೊಂದು ಒಪ್ಪಂದವೂ ಆಗಲೇ ಆಗಬೇಕು: ಇಬ್ಬರಲ್ಲಿ ಒಬ್ಬ 'ಸಾಕು' ಎಂದರೆ ಮರುಮಾತಿಲ್ಲದೆ ಹಿಂತಿರುಗುವುದು. ಗೇಲಿ ಮಾಡಿ ಎಳೆದುಕೊಂಡು ಹೋಗುವವನು ಒಳ್ಳೆಯ ಜೊತೆಗಾರನಲ್ಲ.

ಇಬ್ಬರ ಪ್ರವಾಸಕ್ಕೆ ಒಂದು ದೌರ್ಬಲ್ಯವಿದೆ. ಒಬ್ಬ ಬಿದ್ದರೆ ಇನ್ನೊಬ್ಬ ಅವನ ಬಳಿ ಕೂರಬೇಕೋ, ಸಹಾಯಕ್ಕೆ ಓಡಬೇಕೋ? ಕಾಡಿನ ಒಳಗೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಆದ್ದರಿಂದ ಹಳ್ಳಿ, ರಸ್ತೆ ಕಣ್ಣಳತೆಯಲ್ಲಿರುವ ದಾರಿಯನ್ನೇ ಹಿಡಿಯಬೇಕು. ಯಾವ ಊರು, ಯಾವ ಬಸ್ಸಿಗೆ ವಾಪಸ್ಸು ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಬೇಕು. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ. ಮಳೆಗಾಲದಲ್ಲಿ ಜಲಪಾತಗಳಿಗೆ ನಿರ್ಬಂಧ ಹಾಕುವುದೂ ಉಂಟು. ಲೋಂಡಾ ಕಡೆಯಿಂದ ರೈಲು ಹಳಿಯ ಮೇಲೆ ದೂಧ್‌ಸಾಗರಕ್ಕೆ ನಡೆಯುವ ಹುಚ್ಚು ಬೇಡವೇ ಬೇಡ. 2023ರ ಮಳೆಗಾಲದಲ್ಲಿ ಹಾಗೆ ಹೋದವರನ್ನು ಪೊಲೀಸರು ತಡೆದು ಬಸ್ಕಿ ಹೊಡೆಸಿದ್ದು ಸುದ್ದಿಯಾಗಿತ್ತು.

ಈಗ ನೀರು. ಖರ್ಚು ಉಳಿಸಲು ಹೊರಟವರು ಮೊದಲು ಉಳಿಸುವುದು ಬಾಟಲಿ ನೀರಿನ ಹಣವನ್ನು. ಕಣಕುಂಬಿಯ ಝರಿ ಕನ್ನಡಿಯಂತೆ ಕಾಣುತ್ತದೆ. ಮೇಲೆ ದನ ಮೇಯುತ್ತಿವೆ, ಕಾಡುಪ್ರಾಣಿಗಳು ಓಡಾಡುತ್ತಿವೆ, ಮಳೆ ಎಲ್ಲವನ್ನೂ ತೊಳೆದು ಅದೇ ಝರಿಗೆ ತರುತ್ತದೆ. ತಿಳಿ ನೀರೆಂದರೆ ಶುದ್ಧ ನೀರಲ್ಲ. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಅಲ್ಲಿನ ಮಣ್ಣಿನ ಮಡಕೆ ನೀರನ್ನು ತಂಪು ಮಾಡುತ್ತದೆ, ರೋಗಾಣು ಕೊಲ್ಲುವುದಿಲ್ಲ. ನೀರು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಇಲ್ಲವಾದರೆ ಔಷಧಿ ಅಂಗಡಿಯ ಕ್ಲೋರಿನ್ ಮಾತ್ರೆ. ಪೊಟ್ಟಣದಲ್ಲಿ ಹೇಳಿದಷ್ಟು ನೀರಿಗೆ ಹಾಕಿ ಅರ್ಧ ಗಂಟೆ ಕಾಯಬೇಕು. ನೀರು ಕೆಂಪಗಿದ್ದರೆ ಮೊದಲು ಹಳೆಯ ಹತ್ತಿ ಬಟ್ಟೆಯನ್ನು ನಾಲ್ಕಾರು ಮಡಿಕೆ ಮಾಡಿ ಸೋಸಬೇಕು. ಸೋಸುವುದನ್ನು ಹಗುರವಾಗಿ ಕಾಣಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯ ಮಡಿಕೆಯಲ್ಲಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ವುಝೂ ಮಾಡುವವರಿಗೆ ಇಲ್ಲಿ ಇನ್ನೊಂದು ಮಾತಿದೆ. ಹರಿಯುವ ನೀರು ಶರೀಅತ್‌ನ ದೃಷ್ಟಿಯಲ್ಲಿ ಶುದ್ಧ. ಆದರೆ ವೈದ್ಯರ ಲೆಕ್ಕ ಬೇರೆ. ಇಲಿ ಜ್ವರದ ರೋಗಾಣು ಇಲಿ, ದನಗಳ ಮೂತ್ರದಿಂದ ನೀರಿಗೆ ಸೇರಿ, ಕಾಲಿನ ಗಾಯದಿಂದ, ಕಣ್ಣು, ಮೂಗು, ಬಾಯಿಯ ಒಳಪದರದಿಂದ ದೇಹದೊಳಗೆ ನುಗ್ಗುತ್ತದೆ. ವುಝೂವಿನಲ್ಲಿ ನಾವು ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರೆಳೆಯುತ್ತೇವೆ, ಮುಖ ತೊಳೆಯುತ್ತೇವೆ. ಗದ್ದೆಯ ನೀರು, ನಿಂತ ಹೊಂಡ, ಊರಿನ ಕೊಳೆ ಸೇರಿದ ಹಳ್ಳ ಇದಕ್ಕೆ ಬೇಡ. ಬಾಟಲಿಯಲ್ಲಿರುವ ಕುಡಿಯುವ ನೀರಿನಿಂದಲೇ ಮಾಡಿ. ಪ್ರವಾದಿ(ಸ) ಅವರ ವುಝೂಗೆ ಒಂದು ಮುದ್ದ್ ನೀರು ಸಾಕಾಗುತ್ತಿತ್ತು. ಇಂದಿನ ಅಳತೆಯಲ್ಲಿ ಒಂದು ಲೀಟರಿನೊಳಗೆ. ನಲ್ಲಿ ತಿರುಗಿಸಿಟ್ಟು ವುಝೂ ಮಾಡಿ ಅಭ್ಯಾಸವಾದ ನಮಗೆ ಇದು ಕಷ್ಟವೆನಿಸಬಹುದು, ಮನೆಯಲ್ಲೇ ಎರಡು ದಿನ ಅಭ್ಯಾಸ ಮಾಡಿದರೆ ಬರುತ್ತದೆ.

ಇಸ್ತಿಂಜಾಕ್ಕೆ ಜಾಗ, ನೀರು ಸಿಗದು ಎಂದು ದಿನವಿಡೀ ನೀರೇ ಕುಡಿಯದೆ ನಡೆಯುವವರಿದ್ದಾರೆ. ಕುಟುಂಬದೊಡನೆ ಹೋಗುವ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಮೂತ್ರ ಕಟ್ಟಿ ಕೂರುವುದರಿಂದ ಮೂತ್ರನಾಳದ ಸೋಂಕು, ನೀರು ಕುಡಿಯದಿರುವುದರಿಂದ ತಲೆಸುತ್ತು. ಹೊರಡುವ ಮೊದಲೇ ಬಸ್ ನಿಲ್ದಾಣ, ಮಸೀದಿ, ಪರಿಚಯದ ಮನೆ ಎಲ್ಲೆಲ್ಲಿದೆ ಎಂದು ನೋಡಿಕೊಳ್ಳುವುದು ಇದಕ್ಕೆ ಪರಿಹಾರ. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ಕುಡಿದದ್ದು ಸಾಕು, ಗಾಢವಾಗಿದ್ದರೆ ಸಾಲದು.

ಊಟದ ಬಗ್ಗೆ ಬರೆಯುವಾಗ ಅಮ್ಮಂದಿರ ಮುನಿಸಿಗೆ ಸಿದ್ಧನಾಗಿಯೇ ಬರೆಯುತ್ತಿದ್ದೇನೆ. ಹಲಾಲ್ ಊಟ ಸಿಗುತ್ತದೋ ಇಲ್ಲವೋ ಎಂದು ಬೆಳಿಗ್ಗೆ ಐದಕ್ಕೆ ಎದ್ದು ಬಿರಿಯಾನಿ ಮಾಡಿ, ಬಿಸಿಬಿಸಿ ಡಬ್ಬಿಗೆ ಒತ್ತಿ ಕಳುಹಿಸುತ್ತೇವೆ. ಮಗ ಅದನ್ನು ತೆರೆಯುವುದು ಮಧ್ಯಾಹ್ನ ಎರಡಕ್ಕೆ, ಉಳಿದದ್ದು ರಾತ್ರಿಗೆ. ಅನ್ನದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಡಬ್ಬಿಯಲ್ಲಿ ಗಂಟೆಗಟ್ಟಲೆ ಇದ್ದಾಗ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಅನ್ನ, ಮಾಂಸ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ನಿಯಮ. ಬಿರಿಯಾನಿ ವಾಪಸ್ಸು ಬಂದ ದಿನಕ್ಕಿರಲಿ.

ನಮ್ಮ ಉತ್ತರ ಕರ್ನಾಟಕದ ಅಡುಗೆಮನೆಯಲ್ಲೇ ಪ್ರಯಾಣಕ್ಕೆಂದೇ ಹುಟ್ಟಿದ ಊಟವಿದೆ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಹುರಿದ ಅವಲಕ್ಕಿ, ಬೆಲ್ಲ, ಖರ್ಜೂರ. ತೇವವಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯದು. ಹಾಗಾಗಿ ಇವು ದಿನಗಟ್ಟಲೆ ಕೆಡುವುದಿಲ್ಲ, ಭಾರವೂ ಇಲ್ಲ, ಹಣವೂ ಹೆಚ್ಚಿಲ್ಲ. ಶೇಂಗಾದಲ್ಲಿ ಪ್ರೋಟೀನು, ಎಣ್ಣೆ ಎರಡೂ ಇದೆ. ದಾರಿಯಲ್ಲಿ ಬಾಳೆಹಣ್ಣು ಕೊಂಡರೆ ಸಿಪ್ಪೆಯೇ ಅದರ ಕಾವಲು. ಕತ್ತರಿಸಿಟ್ಟ ಹಣ್ಣು, ರಸ್ತೆಬದಿಯ ಹಸಿ ಚಟ್ನಿ, ಐಸು ಬೇಡ. ಕಣ್ಣೆದುರು ಕುದಿದ ಚಹಾ ಆಗಬಹುದು.

ಇಷ್ಟಾಗಿಯೂ ಭೇದಿ ಶುರುವಾದರೆ ಮೊದಲು ಬೇಕಾದದ್ದು ಓಆರ್‌ಎಸ್, ಭೇದಿ ನಿಲ್ಲಿಸುವ ಮಾತ್ರೆ ಅಲ್ಲ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನೇ ಕಾಲರಾ ರೋಗಿಗಳಿಗೆ ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಆ ನೀರೇ ಇಂದು ಕೆಲವೇ ರೂಪಾಯಿಗೆ ಪೊಟ್ಟಣದಲ್ಲಿ ಸಿಗುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅರ್ಧ ಲೀಟರಿಗೆ ಹಾಕಿದರೆ ಕೆಡುಕು. ಪೊಟ್ಟಣ ಇಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದು. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿ, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆ.

ಕಾಲು ಮತ್ತು ಉಂಬಳ. ಉದ್ದ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ ನಡೆಯಿರಿ. ಉಂಬಳ ಕಚ್ಚಿದಾಗ ಉಪ್ಪು, ಸುಣ್ಣ, ಬೆಂಕಿ ಇಟ್ಟರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನಿಂದ ಅದರ ಬಾಯಿಯನ್ನು ಪಕ್ಕಕ್ಕೆ ಜಾರಿಸಿ ಬಿಡಿಸಿ, ಸೋಪಿನಿಂದ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ರಸದಿಂದಾಗಿ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ, ಹೆದರಬೇಕಿಲ್ಲ. (ಹನಫಿಗಳಿಗೆ ಹರಿದ ರಕ್ತದಿಂದ ವುಝೂ ಮುರಿಯುತ್ತದೆ, ಶಾಫಿಈಗಳಿಗೆ ಇಲ್ಲ; ಬೇರೆ ಬೇರೆ ಮದ್‌ಹಬ್‌ನ ಇಬ್ಬರು ಗೆಳೆಯರು ಕಾಡಿನಲ್ಲಿ ಇದಕ್ಕೆ ವಾದಕ್ಕಿಳಿಯುವುದು ಬೇಡ. ಅಂದಹಾಗೆ ಖಾನಾಪುರದ ದೂರಕ್ಕೆ ಕಸ್ರ್‌ನ ರಿಯಾಯಿತಿಯೂ ಸಿಗದು.) ಒದ್ದೆ ಕಾಲುಚೀಲದಲ್ಲೇ ಮಲಗಬಾರದು. ವುಝೂವಿನ ಬಳಿಕ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿದರೆ ಬೆರಳ ಸಂದು ಹುಣ್ಣಾಗುವುದು ತಪ್ಪುತ್ತದೆ. ರಾತ್ರಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣ ಬಟ್ಟೆ ಇರಲೇಬೇಕು. ಘಟ್ಟದ ಮಳೆಗಾಳಿಯಲ್ಲಿ ನೆನೆದು ನಡುಗುವವನನ್ನು ಮೊದಲು ಒಣಗಿಸಿ, ಆಮೇಲೆ ಚಹಾ ಕೊಡಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ, ವಾಚು ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ ಖಾನಾಪುರದ ತಾಲೂಕು ಆಸ್ಪತ್ರೆಗೋ ಬೆಳಗಾವಿಯ ಜಿಲ್ಲಾಸ್ಪತ್ರೆಗೋ ಸಾಗಿಸಿ. ಮಂತ್ರಿಸುವವರ, ನಾಟಿ ಔಷಧಿಯವರ ಮನೆಗೆ ಹೋದ ಒಂದು ಗಂಟೆ ಮರಳಿ ಸಿಗದು.

ಮಳೆ ನಿಂತ ಮೇಲೆ ಹೋಗುವವರಿಗೆ ಉಂಬಳದ ಕಾಟ ಕಡಿಮೆ, ಉಣ್ಣಿಯ ಕಾಟ ಹೆಚ್ಚು. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಆಮೇಲೆ ಅದು ಘಟ್ಟದ ಉದ್ದಕ್ಕೂ ಹರಡಿತು. 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಕಾಣಿಸಿತು; ಎರಡೂ ಖಾನಾಪುರದಿಂದ ಘಟ್ಟ ಇಳಿದರೆ ಸಿಗುವ ಸೀಮೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಸತ್ತ ಮಂಗ ಕಂಡಲ್ಲಿ ನಿಲ್ಲಬೇಡಿ, ಆರೋಗ್ಯ ಅಥವಾ ಅರಣ್ಯ ಇಲಾಖೆಯವರಿಗೆ ತಿಳಿಸಿ. ತರಗೆಲೆಯ ಮೇಲೆ ಕೂರಬೇಡಿ, ನಮಾಝಿಗೂ ದಪ್ಪ ಚಾಪೆ ಹಾಸಿ. ಸಂಜೆ ಬಿಸಿನೀರು, ಸೋಪಿನಿಂದ ಮೈ ತೊಳೆದು, ಕಂಕುಳು, ಸೊಂಟ, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಬೆನ್ನು, ಕುತ್ತಿಗೆ ಗೆಳೆಯ ನೋಡಲಿ. ಉಣ್ಣಿ ಕಂಡರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಬೆರಳಿನಿಂದ ಹೊಸಕಬೇಡಿ.

ಇನ್ನು ಆ ಹತ್ತು ದಿನದ ನಂತರದ ಜ್ವರ. ಮಂಗನ ಕಾಯಿಲೆ ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಬರುತ್ತದೆ. ಡೆಂಗಿ ನಾಲ್ಕರಿಂದ ಹತ್ತು ದಿನಕ್ಕೆ. ಇಲಿ ಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಕ್ಕೆ, ಕೆಲವೊಮ್ಮೆ ತಿಂಗಳಿಗೂ. ಪೊದೆಯ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಆರರಿಂದ ಇಪ್ಪತ್ತೊಂದು ದಿನದೊಳಗೆ. ಆರಂಭದಲ್ಲಿ ಎಲ್ಲವೂ ಒಂದೇ ಥರ: ಜ್ವರ, ತಲೆನೋವು, ಮೈಕೈ ನೋವು. 'ವೈರಲ್ ಫೀವರ್' ಎಂದು ಮಾತ್ರೆ ನುಂಗಿ ಮಲಗುವುದು ಇಲ್ಲೇ. ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡೂ ಬೇಗ ಗೊತ್ತಾದರೆ ಸಾಧಾರಣ ಆಂಟಿಬಯೋಟಿಕ್‌ನಿಂದಲೇ ವಾಸಿಯಾಗುತ್ತವೆ. ತಡವಾದರೆ ಕಿಡ್ನಿ, ಶ್ವಾಸಕೋಶಕ್ಕೆ ಇಳಿಯುತ್ತವೆ.

ಸ್ಕ್ರಬ್ ಟೈಫಸ್‌ನಲ್ಲಿ ನುಸಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟಬಹುದು. ಅದು ನೋಯುವುದಿಲ್ಲ, ತುರಿಸುವುದಿಲ್ಲ. ಹೆಚ್ಚಾಗಿ ಇರುವುದು ತೊಡೆಸಂದು, ಕಂಕುಳು, ಸೊಂಟ, ಎದೆಯ ಕೆಳಗಿನ ಮಡಿಕೆಯಲ್ಲಿ. ನಾಚಿಕೆಯಿಂದ ನಾವು ಅದನ್ನು ತೋರಿಸುವುದಿಲ್ಲ, ವೈದ್ಯರೂ ಸಂಕೋಚದಿಂದ ಕೇಳುವುದಿಲ್ಲ. ಮನೆಯಲ್ಲೇ ಕನ್ನಡಿ ಹಿಡಿದು ನೋಡಿಕೊಂಡು, ಇದ್ದರೆ ಬಾಯಿಬಿಟ್ಟು ಹೇಳಿ. ಹೆಣ್ಣುಮಕ್ಕಳು ಮಹಿಳಾ ವೈದ್ಯರನ್ನು ಕೇಳಿ ಪಡೆಯಬಹುದು.

ರಕ್ತ ಪರೀಕ್ಷೆ ಆಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಆರು ಗಂಟೆಗಳ ಅಂತರದಲ್ಲಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಇರುವ ನೋವಿನ ಮಾತ್ರೆಗಳು ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸಬಲ್ಲವು. ಒಬ್ಬನಿಗೆ ಜ್ವರ ಬಂದ ದಿನವೇ ಇನ್ನೊಬ್ಬನಿಗೆ ಫೋನ್ ಹೋಗಬೇಕು. ಇಬ್ಬರೂ ಅದೇ ನೀರಿಗಿಳಿದವರು, ಅದೇ ಹುಲ್ಲಿನ ಮೇಲೆ ಕುಳಿತವರು. ವಾಪಸ್ಸು ಬಂದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಮೂವತ್ತು ದಿನ ಎಣಿಸಿ. ಆ ಅವಧಿಯಲ್ಲಿ ಯಾವ ಜ್ವರ ಬಂದರೂ ವೈದ್ಯರ ಮುಂದೆ ಕುಳಿತ ಕೂಡಲೇ ಹೇಳಬೇಕಾದ ಮೊದಲ ವಾಕ್ಯ: "ಡಾಕ್ಟ್ರೇ, ಇಂಥ ತಾರೀಖಿಗೆ ಖಾನಾಪುರದ ಕಾಡಿಗೆ ಹೋಗಿದ್ದೆ, ಹಳ್ಳಕ್ಕಿಳಿದಿದ್ದೆ."