ಹಾರ್ಡ್ ಡಿಸ್ಕ್ ಜೋಡಿಸಿದೊಡನೆ ಕಂಪ್ಯೂಟರ್ ಆರಿಹೋದರೆ

ಗುಂಡಿಯನ್ನೊತ್ತಿದೊಡನೆ ಫ್ಯಾನು ಅರೆಸುತ್ತು ತಿರುಗಿ ನಿಂತು, ದೀಪವೊಮ್ಮೆ ಮಿನುಗಿ ಆರಿ, ಆ ಬಳಿಕ ಎಷ್ಟು ಸಲ ಒತ್ತಿದರೂ ಕಂಪ್ಯೂಟರು ಜಡವಾಗಿಯೇ ಉಳಿಯುವ, ಆದರೆ ಹಾರ್ಡ್ ಡಿಸ್ಕಿನ ಪವರ್ ಕೇಬಲನ್ನು ಕಳಚಿದರೆ ಏನೂ ನಡೆಯಲಿಲ್ಲವೆಂಬಂತೆ ಯಥಾಪ್ರಕಾರ ಚಾಲನೆಗೊಳ್ಳುವ ವಿಚಿತ್ರ ವ್ಯಾಧಿಯೊಂದುಂಟು. ಇದನ್ನು ಕಂಡವರು ಮದರ್‌ಬೋರ್ಡ್ ಸುಟ್ಟಿತೆಂದೋ, ಡಿಸ್ಕು ಕೆಟ್ಟು ಅದರೊಳಗಿನ ಫೋಟೋ, ಲೆಕ್ಕಪತ್ರಗಳೆಲ್ಲ ನಾಶವಾದುವೆಂದೋ ತೀರ್ಮಾನಿಸಿಬಿಡುತ್ತಾರೆ. ಎರಡೂ ಅವಸರದ ಮಾತು. ಇಲ್ಲಿ ವಿದ್ಯುತ್ತನ್ನು ನಿಲ್ಲಿಸುತ್ತಿರುವುದು ಡಿಸ್ಕಲ್ಲ, ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್. ತನ್ನ ತಂತಿಯೊಂದರಲ್ಲಿ ಮಿತಿಮೀರಿದ ಪ್ರವಾಹ ಹರಿಯತೊಡಗಿತೆಂಬುದನ್ನು ಕ್ಷಣಮಾತ್ರದಲ್ಲಿ ಅರಿತು, ಮಿಕ್ಕ ಭಾಗಗಳ ರಕ್ಷಣಾರ್ಥವಾಗಿ ಅದು ತಾನೇ ಆರಿಕೊಳ್ಳುತ್ತದೆ. ಆದಕಾರಣ ನಾವು ಪತ್ತೆಹಚ್ಚಬೇಕಾದದ್ದು, ದೋಷವು ಡಿಸ್ಕಿನಲ್ಲಿದೆಯೋ, ಕೇಬಲಿನಲ್ಲಿದೆಯೋ, ಅಥವಾ ಎಸ್‌ಎಂಪಿಎಸ್ಸೇ ಶಕ್ತಿಗುಂದಿ ನ್ಯಾಯವಾದ ಭಾರವನ್ನೂ ಹೊರಲಾರದಾಗಿದೆಯೋ ಎಂಬುದನ್ನು.

ಮೊದಲು ಗೋಡೆಯ ಪ್ಲಗ್ಗನ್ನು ಕಿತ್ತು ಒಂದೆರಡು ನಿಮಿಷ ಸುಮ್ಮನಿರತಕ್ಕದ್ದು. ಹೀಗೆ ಆರಿಕೊಂಡ ಎಸ್‌ಎಂಪಿಎಸ್ಸುಗಳಲ್ಲಿ ಹಲವು, ಮುಖ್ಯ ವಿದ್ಯುತ್ತು ಪೂರ್ಣವಾಗಿ ತಪ್ಪಿ ಒಳಗಿನ ಶೇಷವು ಬರಿದಾಗುವವರೆಗೆ ಮತ್ತೆ ಎಚ್ಚರಗೊಳ್ಳುವುದಿಲ್ಲ. ಇದನ್ನರಿಯದವರು ಕೇಬಲ್ ಕಳಚಿದ ಮೇಲೂ ಯಂತ್ರ ಓಡಲಿಲ್ಲವೆಂದು ದಿಕ್ಕುತಪ್ಪುವುದುಂಟು. ಗುಂಡಿಯನ್ನು ಪದೇ ಪದೇ ಒತ್ತಿ ಪರೀಕ್ಷಿಸುವುದಂತೂ ಕೂಡದು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಭಾಗವನ್ನು ಕೈಯಿಂದ ಮುಟ್ಟಿ, ಮೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡ ತರುವಾಯ ಪಕ್ಕದ ಮುಚ್ಚಳವನ್ನು ತೆರೆಯಬಹುದು.

ಈಗ ಡಿಸ್ಕಿಗೆ ಬಂದಿರುವ ಎರಡು ಕೇಬಲುಗಳನ್ನೂ ಕಳಚಿ, ಅವುಗಳಲ್ಲಿ ಅಗಲವಾದ, ಹದಿನೈದು ಸಂಪರ್ಕಗಳುಳ್ಳ ಸಾಟಾ ಪವರ್ ಕನೆಕ್ಟರನ್ನು ಯಾವುದಕ್ಕೂ ತಗುಲದಂತೆ ಬಿಟ್ಟು ಯಂತ್ರವನ್ನು ಚಾಲೂ ಮಾಡಿ. ಡಿಸ್ಕಿಲ್ಲದಿದ್ದರೂ ಆರಿಹೋಯಿತೇ? ಹಾಗಾದರೆ ಡಿಸ್ಕು ನಿರ್ದೋಷಿಯಿರಬಹುದು. ಕೇಬಲಿನ ಕಡೆಗೆ ನೋಡಬೇಕು. ಓಡಿತೆಂದಾದರೆ, ಮತ್ತೆ ಪ್ಲಗ್ ಕಿತ್ತು, ಎಸ್‌ಎಂಪಿಎಸ್ಸಿನಿಂದ ಬರುವ ಬೇರೊಂದು ಕವಲನ್ನು ಡಿಸ್ಕಿಗೆ ಜೋಡಿಸಿ ನೋಡಬೇಕು. ಆಗಲೂ ಆರಿದರೆ ಸಂಶಯವು ಬಹುಮಟ್ಟಿಗೆ ಡಿಸ್ಕಿನ ಮೇಲೆ ನಿಲ್ಲುತ್ತದೆ. ಈ ಹಂತದಲ್ಲಿ ಡಿಸ್ಕನ್ನು ಸ್ನೇಹಿತರ ಸುಸ್ಥಿತಿಯ ಕಂಪ್ಯೂಟರಿಗೆ ಹಾಕಿ ನೋಡುವ ಸಲಹೆಯನ್ನು ಅನೇಕರು ಕೊಡುತ್ತಾರೆ. ಮಲ್ಟಿಮೀಟರಿನಿಂದ ಪರೀಕ್ಷಿಸುವ ಮೊದಲು ಹಾಗೆ ಮಾಡುವುದು ನನಗೆ ಸಮ್ಮತವಲ್ಲ.

ಕೇಬಲಿನ ವಿಷಯದಲ್ಲಿ ಎರಡು ಅಪರಾಧಿಗಳು ಸುಪರಿಚಿತರು. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರನ್ನು ಸಾಟಾಕ್ಕೆ ಪರಿವರ್ತಿಸುವ ಅಲ್ಪಬೆಲೆಯ ಕನ್ವರ್ಟರುಗಳಲ್ಲಿ, ತಂತಿಗಳ ಸುತ್ತ ಪ್ಲಾಸ್ಟಿಕ್ಕನ್ನು ಎರಕಹೊಯ್ದು ಮುಚ್ಚಿದ ಜಾತಿಯದು ಮೊದಲನೆಯದು. ಒಳಗಿನ ತಂತಿಗಳು ಒಂದಕ್ಕೊಂದು ಸಮೀಪಿಸಿ ಕಾಲಕ್ರಮದಲ್ಲಿ ಶಾರ್ಟಾಗುವುದೂ, ಕರಗಿ ಹೊತ್ತಿಕೊಳ್ಳುವುದೂ ಉಂಟು. ಕನೆಕ್ಟರಿನ ಮೂತಿಯಲ್ಲಿ ಕಂದುಬಣ್ಣವಾಗಲಿ ಸುಟ್ಟ ವಾಸನೆಯಾಗಲಿ ಕಂಡುಬಂದರೆ ಅದನ್ನು ಎಸೆದುಬಿಡುವುದೇ ವಿಹಿತ. ಅಂಗಡಿಯಲ್ಲಿ ಕೊಳ್ಳುವಾಗ, ತಂತಿಗಳು ಪ್ರತ್ಯೇಕವಾಗಿ ಸಿಕ್ಕಿಸಲ್ಪಟ್ಟು ಹಿಂಬದಿಯಲ್ಲಿ ಬಿಚ್ಚಬಹುದಾದ ಮುಚ್ಚಳವಿರುವಂಥದನ್ನು ಕೇಳಿ ಪಡೆಯಿರಿ. ಎರಡನೆಯದು ಇನ್ನೂ ಕಪಟದ್ದು: ಕೇಬಲುಗಳನ್ನು ಕಳಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ಸುಗಳಲ್ಲಿ ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳಿಗೂ ಒಂದೇ ಆದರೂ ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ಸರ್ವಸಮ್ಮತ ನಿಯಮವೂ ಇಲ್ಲ. ಹಳೆಯ ಎಸ್‌ಎಂಪಿಎಸ್ಸಿನ ಕೇಬಲು ಹೊಸದಕ್ಕೆ ಹಿತವಾಗಿ ಕೂತುಕೊಂಡು, 5 ವೋಲ್ಟ್ ಹೋಗಬೇಕಾದ ಕಡೆಗೆ 12 ವೋಲ್ಟನ್ನು ಕಳಿಸಿ, ಜೋಡಿಸಿದ ಡಿಸ್ಕುಗಳನ್ನೆಲ್ಲ ಒಂದೇ ಏಟಿಗೆ ಕೆಡಿಸಬಲ್ಲುದು.

ಇನ್ನು ಡಿಸ್ಕಿನ ಪರೀಕ್ಷೆ. ಅದನ್ನು ಮಗುಚಿದರೆ ತಳದಲ್ಲಿ ಹಸಿರೋ ನೀಲಿಯೋ ಆದ ಸರ್ಕ್ಯೂಟ್ ಬೋರ್ಡೊಂದು ಕಾಣುತ್ತದೆ. ಪವರ್ ಕನೆಕ್ಟರಿನ ಸಮೀಪದಲ್ಲಿ, ನಾಲ್ಕೈದು ಮಿಲಿಮೀಟರ್ ಉದ್ದದ, ಕಪ್ಪಾದ, ಚಪ್ಪಟೆಯ ಎರಡು ಡಯೋಡುಗಳು ಸಾಮಾನ್ಯವಾಗಿ ಇರುತ್ತವೆ: 5 ವೋಲ್ಟಿನ ದಾರಿಗೊಂದು, 12ರ ದಾರಿಗೊಂದು. ಬೋರ್ಡಿನ ಭಾಗಗಳು ಒಳಮುಖವಾಗಿದ್ದರೆ ನಕ್ಷತ್ರತಲೆಯ ಸ್ಕ್ರೂಗಳನ್ನು ಬಿಚ್ಚಿ ಬೋರ್ಡನ್ನು ಎತ್ತಬೇಕಾದೀತು. ತಟ್ಟೆಗಳಿರುವ ಮೇಲಿನ ಲೋಹದ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಕೂಡದು. ಟಿವಿಎಸ್ ಎಂಬ ಹೆಸರಿನ ಈ ಡಯೋಡುಗಳು ಯಜಮಾನನ ಮೇಲೆ ಬೀಸಿದ ಪೆಟ್ಟನ್ನು ತನ್ನ ಬೆನ್ನಿಗೆ ತೆಗೆದುಕೊಳ್ಳುವ ಭೃತ್ಯನಂತೆ, ಅಧಿಕ ವೋಲ್ಟೇಜು ನುಗ್ಗಿದಾಗ ಅದನ್ನು ತಮ್ಮ ಮೂಲಕ ಗ್ರೌಂಡಿಗೆ ಹರಿಸಿ, ಆಘಾತ ಹೆಚ್ಚಾದರೆ ತಾವೇ ಶಾರ್ಟಾಗಿಬಿಡುತ್ತವೆ. 12 ವೋಲ್ಟಿನ ಎಕ್ಸ್‌ಟರ್ನಲ್ ಡಿಸ್ಕಿಗೆ ಅಚಾತುರ್ಯದಿಂದ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರನ್ನು ಸಿಕ್ಕಿಸಿದಾಗ ಆಗುವುದು ಬಹುಮಟ್ಟಿಗೆ ಇದೇ.

ಡಿಸ್ಕಿಗೆ ಯಾವ ಕೇಬಲೂ ಇಲ್ಲದಿರುವಾಗ, ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನು ಒಂದೊಂದು ಡಯೋಡಿನ ಎರಡು ತುದಿಗೂ ಮುಟ್ಟಿಸಿ, ಬಳಿಕ ಕಡ್ಡಿಗಳನ್ನು ಅದಲುಬದಲು ಮಾಡಿ ನೋಡಿ. ಒಮ್ಮೆ ಕೀರಲಿ ಸುಮ್ಮನಾದರೆ ಚಿಂತೆಯಿಲ್ಲ, ಅದು ಕೆಪಾಸಿಟರು ತುಂಬಿಕೊಳ್ಳುವ ಸದ್ದು. ಎರಡೂ ದಿಕ್ಕಿನಲ್ಲಿ ಎಡೆಬಿಡದೆ ಬೀಪ್ ಬಂದರೆ ಆ ದಾರಿ ಶಾರ್ಟಾಗಿದೆ. ಡಯೋಡನ್ನು ಬೋರ್ಡಿನಿಂದ ತೆಗೆದ ಮೇಲೆ ಶಾರ್ಟು ಮಾಯವಾಯಿತೆಂದಾದರೆ ದೋಷ ಅದರದೇ. ಕೈಪಳಗಿದ ಮೊಬೈಲ್ ರಿಪೇರಿಯವರಿಗೆ ಇದು ಕೆಲವು ನಿಮಿಷಗಳ ಕೆಲಸ. ಡಯೋಡಿಲ್ಲದೆಯೂ ಡಿಸ್ಕು ಓಡಬಲ್ಲುದು, ಆದರೆ ರಕ್ಷಣೆಯಿಲ್ಲದೆ. ಆದ್ದರಿಂದ ಪೆಟ್ಟುಕೊಟ್ಟ ಅಡಾಪ್ಟರನ್ನೋ ಎಸ್‌ಎಂಪಿಎಸ್ಸನ್ನೋ ಮೊದಲು ಬದಲಿಸಿ, ದತ್ತಾಂಶವನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲಿಸಿ, ಇದನ್ನು ನಿವೃತ್ತಿಗೊಳಿಸಬೇಕು. ಡಯೋಡು ತೆಗೆದರೂ ಶಾರ್ಟು ಉಳಿದಿದ್ದರೆ, ಅಥವಾ ಮೋಟಾರನ್ನು ನಡೆಸುವ ಚಿಪ್ಪಿನ ಮೇಲೆ ಸುಟ್ಟ ಕುಳಿಯೊಂದು ಕಂಡರೆ, ಮನೆಯ ಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸಿ.

ಡಿಸ್ಕಿನಲ್ಲಿ ಶಾರ್ಟಿಲ್ಲ, ಯಂತ್ರವೂ ಹೊರಡುತ್ತದೆ, ಆದರೆ ಡಿಸ್ಕು ತಿರುಗತೊಡಗುವಾಗಲೋ ದೊಡ್ಡ ಫೈಲುಗಳನ್ನು ನಕಲಿಸುವಾಗಲೋ ಆರಿಹೋಗುತ್ತದೆಂದರೆ ದೃಷ್ಟಿಯನ್ನು ಎಸ್‌ಎಂಪಿಎಸ್ ಕಡೆಗೆ ತಿರುಗಿಸಬೇಕು. ಮೂರೂವರೆ ಅಂಗುಲದ ಡಿಸ್ಕು ನಿಶ್ಚಲಸ್ಥಿತಿಯಿಂದ ಪೂರ್ಣವೇಗಕ್ಕೇರುವ ಕೆಲವು ಸೆಕೆಂಡುಗಳಲ್ಲಿ 12 ವೋಲ್ಟಿನ ದಾರಿಯಿಂದ ಸುಮಾರು 2 ಆಂಪಿಯರನ್ನು ಎಳೆದು, ವೇಗ ಹಿಡಿದ ಮೇಲೆ ಕೆಲವೇ ವ್ಯಾಟುಗಳಿಗೆ ಇಳಿಯುತ್ತದೆ. ವೇಗಕ್ಕೇರುವ ಆ ಹೊತ್ತಿನಲ್ಲಿ ಬಿಡುವಾಗಿರುವ ಮೋಲೆಕ್ಸ್ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ತಂತಿಗಳ ನಡುವೆ 11.4ರಿಂದ 12.6, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಇದಕ್ಕಿಂತ ಕುಸಿದರೆ ಎಸ್‌ಎಂಪಿಎಸ್ ಬದಲಿಸುವುದೊಂದೇ ದಾರಿ. ಹೊಸದನ್ನು ಕೊಳ್ಳುವಾಗ ಮೈಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ವ್ಯಾಟನ್ನು ನಂಬದೆ, 12 ವೋಲ್ಟಿಗೆ ಎಷ್ಟು ಆಂಪಿಯರೆಂದು ಪಟ್ಟಿಯಲ್ಲಿ ನೋಡಿ. ಹಳೆಯದನ್ನು ಬಿಚ್ಚಿ ನೋಡುವ ಕುತೂಹಲ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಉಳಿದಿರಬಹುದು.

ಡಿಸ್ಕಿನ ಬೋರ್ಡೇ ಸುಟ್ಟಿದ್ದರೆ ಅದೇ ಮಾಡೆಲಿನ ಮತ್ತೊಂದು ಬೋರ್ಡನ್ನು ಹಾಕಿದರಾಯಿತೆಂಬ ಭರವಸೆಯನ್ನು ಕೆಲವು ರಿಪೇರಿಯವರು ಕೊಡುತ್ತಾರೆ. ಆದರೆ ಈಗಿನ ಡಿಸ್ಕುಗಳಲ್ಲಿ ಪ್ರತಿಯೊಂದಕ್ಕೂ ಕಾರ್ಖಾನೆಯಲ್ಲಿ ಪ್ರತ್ಯೇಕವಾಗಿ ಹೊಂದಿಸಿದ ಮಾಹಿತಿಯು ಬೋರ್ಡಿನ ರೋಮ್ ಎಂಬ ಶಾಶ್ವತ ಸ್ಮೃತಿಯ ಚಿಪ್ಪಿನಲ್ಲಿ ಅಡಕವಾಗಿರುವುದರಿಂದ, ಅದನ್ನೂ ಹೊಸ ಬೋರ್ಡಿಗೆ ವರ್ಗಾಯಿಸದೆ ಡಿಸ್ಕು ತನ್ನ ಬರೆಹವನ್ನು ತಾನೇ ಓದಲಾರದು. ಡೇಟಾ ರಿಕವರಿಯವರ ಬಳಿಗೆ ಹೋಗುವಾಗ ಡಿಸ್ಕಿನ ಜೊತೆಗೆ ಸುಟ್ಟ ಮೂಲ ಬೋರ್ಡನ್ನೂ ತಪ್ಪದೆ ಕೊಂಡೊಯ್ಯಿರಿ.