ಬಂಡೆಯ ನೆರಳಿನಲ್ಲಿ ಜಿಪಿಎಸ್: ಎಷ್ಟು ಮೀಟರಿಗೆ ಎಷ್ಟು ಹಣ?

ಅಕ್ಷಾಂಶ ಮತ್ತು ರೇಖಾಂಶಗಳನ್ನಷ್ಟೇ ಸುಳಿವಾಗಿ ಹಿಡಿದು ಹೊರಟು, ಬೇರೊಬ್ಬರು ಬಯಲಿನಲ್ಲೋ ಗುಡ್ಡದಲ್ಲೋ ಮರೆಮಾಡಿಟ್ಟ ಚಿಕ್ಕ ಡಬ್ಬಿಯನ್ನು ಹುಡುಕಿ, ಅದರೊಳಗಿನ ಪುಸ್ತಿಕೆಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುವ ಹವ್ಯಾಸಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ನಾಗರಿಕರ ಬಳಕೆಯ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರವು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದರ ಬೆನ್ನಿಗೇ, ಮೇ 3ರಂದು, ಡೇವ್ ಉಲ್ಮರ್ ಎಂಬುವರು ಆರೆಗಾನ್ ರಾಜ್ಯದಲ್ಲಿ ಮೊದಲ ಡಬ್ಬಿಯನ್ನಿಟ್ಟು ಅದರ ಸ್ಥಾನವನ್ನು ಪ್ರಕಟಿಸಿದರು. ನಿಖರತೆ ಹೆಚ್ಚಿದ್ದರಿಂದಲೇ ಹುಟ್ಟಿದ ಹವ್ಯಾಸ ಇದಾದ್ದರಿಂದ, ಇದಕ್ಕಾಗಿ ಕೈಸಾಧನ ಕೊಳ್ಳುವವರು ಬೆಲೆ ತೆರುವುದು ಮೂಲತಃ ಮೀಟರುಗಳಿಗೆ, ಮತ್ತು ಆ ಮೀಟರುಗಳ ಬೆಲೆಯನ್ನು ನಿರ್ಧರಿಸುವುದು ಅಂಗಡಿಯ ಪಟ್ಟಿಗಿಂತ ಹೆಚ್ಚಾಗಿ ತಿರುಗಾಡುವ ನೆಲ.

ಬಾಗಲಕೋಟೆ ಜಿಲ್ಲೆಯ ಕೆರೂರ ಸುತ್ತಲಿನ ನೆಲ ಎರಡು ಬಗೆಯದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಇಕ್ಕೆಲದ ಎರೆಹೊಲಗಳಲ್ಲಿ ಆಕಾಶಕ್ಕೆ ಯಾವ ಅಡ್ಡಿಯೂ ಇಲ್ಲ. ಇಂತಹ ತೆರೆದ ಬಯಲಿನಲ್ಲಿ ಸಾಮಾನ್ಯ ಮೊಬೈಲ್ ಫೋನೊಂದು ಸುಮಾರು 4.9 ಮೀಟರಿನೊಳಗೆ ಸ್ಥಾನವನ್ನು ತೋರಿಸುತ್ತದೆಂದು ಅಮೆರಿಕ ಸರ್ಕಾರದ ಜಿಪಿಎಸ್ ಮಾಹಿತಿ ಹೇಳುತ್ತದೆ. ಜಿಯೋಕ್ಯಾಶಿಂಗಿನಲ್ಲಿ ಸ್ಥಾನವನ್ನು ಡಿಗ್ರಿ ಹಾಗೂ ಮಿನಿಟಿನ ಸಾವಿರದ ಒಂದು ಭಾಗದವರೆಗೆ ಬರೆಯುವ ರೂಢಿಯಿದ್ದು, ಅಕ್ಷಾಂಶದಲ್ಲಿ ಆ ಒಂದು ಭಾಗ ಸುಮಾರು 1.85 ಮೀಟರಾಗುತ್ತದೆ, ಡಬ್ಬಿ ಇಟ್ಟವರ ಅಳತೆಯಲ್ಲಿಯೂ ಕೆಲವು ಮೀಟರುಗಳ ವ್ಯತ್ಯಾಸ ಇದ್ದೇ ಇರುವುದರಿಂದ, ಕೊನೆಯ ಹತ್ತು ಹೆಜ್ಜೆಗಳ ಹುಡುಕಾಟವನ್ನು ಕಣ್ಣಿಗೇ ಬಿಡಬೇಕಾಗುತ್ತದೆ. ಎರೆಹೊಲದ ಬದುವಿನಲ್ಲಿ ಹುಡುಕುವುದಕ್ಕೆಂದು ಪ್ರತ್ಯೇಕ ಸಾಧನ ಕೊಳ್ಳುವುದು ಆದ್ದರಿಂದ ಅನಗತ್ಯ ವೆಚ್ಚವೆಂಬುದು ಈ ಅಂಕಣಕಾರರ ದೃಢ ಅಭಿಪ್ರಾಯ.

ಎರಡನೆಯದು ಬಂಡೆಯ ನೆಲ. ಭೂವಿಜ್ಞಾನಿಗಳು ಬಾದಾಮಿ ಶಿಲಾಸಮೂಹದ ಒಂದು ಮುಖ್ಯ ಘಟಕಕ್ಕೆ ಕೆರೂರ ಊರಿನ ಹೆಸರನ್ನೇ ಇಟ್ಟಿದ್ದು, ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಕೆಂಪು ಮರಳುಗಲ್ಲು ಆ ಘಟಕಕ್ಕೇ ಸೇರಿದೆ. ಅಗಸ್ತ್ಯ ತೀರ್ಥದ ಹಿಂದಿನ ಕಂದರಗಳಲ್ಲಿಯೂ ಆದಿಮಾನವರ ಚಿತ್ರಗಳಿರುವ ಸಿಡಿಲಫಡಿಯತ್ತ ಸಾಗುವ ಕುರುಚಲು ಕಾಡಿನ ದಾರಿಯಲ್ಲಿಯೂ ಈ ಕಲ್ಲು ಹಲವೆಡೆ ಗೋಡೆಯಂತೆ ಎದ್ದು ಆಕಾಶವನ್ನು ಮರೆಮಾಡುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಬರುವ ಸಂಕೇತವು ಇಂತಹ ಗೋಡೆಗೆ ಬಡಿದು ತಿರುಗಿ, ಸುತ್ತುದಾರಿಯಿಂದ ಸಾಧನವನ್ನು ತಲುಪಿದಾಗ, ಸಾಧನವು ದೂರವನ್ನು ಹೆಚ್ಚಾಗಿ ಲೆಕ್ಕ ಹಾಕುತ್ತದೆ. ಇದನ್ನು ಬಹುಪಥ ದೋಷ ಎನ್ನುತ್ತಾರೆ. ಬಯಲಿನಲ್ಲಿ ಸ್ಥಿರವಾಗಿದ್ದ ಫೋನಿನ ಬಾಣವು ಕಂದರದೊಳಗೆ ಹೊಕ್ಕೊಡನೆ ಒಮ್ಮೆ ಈ ಬದಿಯ ಬಂಡೆಗೂ ಒಮ್ಮೆ ಆ ಬದಿಯ ಬಂಡೆಗೂ ಜಿಗಿಯುವುದನ್ನು ಅಂಕಣಕಾರರು ಮತ್ತೆ ಮತ್ತೆ ಕಂಡಿದ್ದು, ಹಣ ಹಾಕಬೇಕಾದ ಅಂಶ ಯಾವುದೆಂಬುದು ಅವರಿಗೆ ಸ್ಪಷ್ಟವಾದದ್ದು ಅಲ್ಲಿಯೇ.

ಆ ಅಂಶವೆಂದರೆ ಬಹು ಆವರ್ತನದ ಸ್ವೀಕರಣೆ. ಹಳೆಯ ಸಾಧನಗಳು ಎಲ್1 ಎಂಬ, 1575.42 ಮೆಗಾಹರ್ಟ್ಸಿನ ಒಂದೇ ಆವರ್ತನವನ್ನು ಓದುತ್ತವೆ, ಹೊಸವು 1176.45 ಮೆಗಾಹರ್ಟ್ಸಿನ ಎಲ್5 ಸಂಕೇತವನ್ನೂ ಓದಬಲ್ಲವು. ಎಲ್1ರ ಹಳೆಯ ನಾಗರಿಕ ಸಂಕೇತದ ಒಂದೊಂದು ತುಣುಕು ಆಕಾಶದಲ್ಲಿ ಸುಮಾರು 300 ಮೀಟರ್ ಉದ್ದವಿದ್ದರೆ ಎಲ್5ರದು 30 ಮೀಟರ್ ಮಾತ್ರ ಇರುವುದರಿಂದ, ನೇರವಾಗಿ ಬಂದ ಸಂಕೇತವನ್ನೂ ಬಂಡೆಗೆ ಬಡಿದು ತಡವಾಗಿ ಬಂದದ್ದನ್ನೂ ಬೇರ್ಪಡಿಸುವುದು ಎರಡನೆಯದರಲ್ಲಿ ಸುಲಭ. ಆದರೆ ಈ ಸೌಲಭ್ಯವು 2018ರಿಂದೀಚೆಗೆ ಹಲವು ಫೋನುಗಳಲ್ಲಿಯೂ ಬಂದಿದ್ದು, ಜಿಪಿಎಸ್‌ಟೆಸ್ಟ್‌ನಂತಹ ಉಚಿತ ಆ್ಯಪ್ ತೆರೆದು ಉಪಗ್ರಹಗಳ ಪಟ್ಟಿಯಲ್ಲಿ ಎಲ್5 ಎಂಬ ಗುರುತು ಕಾಣುತ್ತದೆಯೇ ಎಂದು ನೋಡಿದರೆ ಜೇಬಿನಲ್ಲಿರುವ ಫೋನು ಯಾವ ಬಗೆಯದೆಂದು ತಿಳಿಯುತ್ತದೆ. ಯಾವ ಖರ್ಚೂ ಇಲ್ಲದ ಈ ಪರೀಕ್ಷೆಯನ್ನು ಮಾಡದೆ ಯಾರೂ ಸಾಧನದ ಬೆಲೆ ವಿಚಾರಿಸಬಾರದು.

ಹಾಗಿದ್ದರೂ ಪ್ರತ್ಯೇಕ ಸಾಧನದ ಪರವಾಗಿ ಉಳಿಯುವ ಬಲವಾದ ವಾದವೆಂದರೆ ಬಿಸಿಲು. ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿಯನ್ನು ದಾಟುವುದು ಹೊಸತಲ್ಲ. ಐಫೋನನ್ನು 35 ಡಿಗ್ರಿಯವರೆಗಿನ ಪರಿಸರದಲ್ಲಿ ಬಳಸಬೇಕೆಂದು ಅದರ ತಯಾರಕರೇ ಸೂಚಿಸುತ್ತಾರೆ. ಕಾದ ಫೋನು ಪರದೆಯ ಬೆಳಕನ್ನು ತಾನಾಗಿ ಕುಗ್ಗಿಸುತ್ತದೆ, ಕೆಲವೊಮ್ಮೆ ಕೆಲಸವನ್ನೇ ನಿಲ್ಲಿಸುತ್ತದೆ, ಮತ್ತು ಅದರೊಂದಿಗೆ ಮನೆಗೆ ಕರೆಮಾಡುವ ದಾರಿಯೂ ಮುಚ್ಚುತ್ತದೆ. ಕೈಸಾಧನದ ಪರದೆಯಾದರೋ ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗಿ ಕಾಣುವ ಬಗೆಯದು. 2023ರಲ್ಲಿ ಬಂದ ಗಾರ್ಮಿನ್ ಇಟ್ರೆಕ್ಸ್ ಎಸ್‌ಇ ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ 168 ಗಂಟೆಗಳವರೆಗೆ ನಡೆಯುತ್ತದೆಂದು ತಯಾರಕರು ಹೇಳುತ್ತಾರೆ. ಆ ಸೆಲ್ಲುಗಳು ಕೆರೂರ ಪೇಟೆಯ ಯಾವ ಕಿರಾಣಿ ಅಂಗಡಿಯಲ್ಲಿಯೂ ಸಿಗುವುದು ಸಣ್ಣ ಅನುಕೂಲವಲ್ಲ. ಅದೇ ವರ್ಷದ ಇಟ್ರೆಕ್ಸ್ ಸೋಲಾರ್ ಬಿಸಿಲಿನಿಂದಲೇ ವಿದ್ಯುತ್ ಪಡೆಯುವುದಲ್ಲದೆ ಬಹು ಆವರ್ತನವನ್ನೂ ಓದುವುದರಿಂದ, ಬಿಸಿಲು ಮತ್ತು ಬಂಡೆ ಎರಡೂ ಧಾರಾಳವಾಗಿರುವ ಈ ಸೀಮೆಗೆ ಅದು ಹೆಚ್ಚು ಒಪ್ಪುತ್ತದೆ. ಬಿಡುಗಡೆಯ ಸಮಯದಲ್ಲಿ ಅಮೆರಿಕದಲ್ಲಿ ಮೊದಲನೆಯದರ ಬೆಲೆ 149.99 ಡಾಲರ್, ಎರಡನೆಯದರದು 249.99 ಡಾಲರ್ ಇತ್ತು. ಬಣ್ಣದ ನಕ್ಷೆಯುಳ್ಳ ದೊಡ್ಡ ಸಾಧನ ಜಿಪಿಎಸ್‌ಮ್ಯಾಪ್ 67ರ ಬೆಲೆ ಬಿಡುಗಡೆಯ ಸಮಯದಲ್ಲಿ 499.99 ಡಾಲರ್ ಇತ್ತು. ನಕ್ಷೆ ನೋಡುವ ಕೆಲಸವನ್ನು ಫೋನೇ ಚೆನ್ನಾಗಿ ಮಾಡುವಾಗ, ಈ ಕೊನೆಯ ಇಮ್ಮಡಿ ಬೆಲೆಗೆ ಇಲ್ಲಿನ ಹವ್ಯಾಸಿಗೆ ತಕ್ಕ ಪ್ರತಿಫಲ ದೊರೆಯಲಾರದು.

ನಾವಿಕ್ ಎಂಬ ಹೆಸರಿಗಾಗಿಯೇ ಹೆಚ್ಚು ಹಣ ಕೊಡುವುದೂ ಸದ್ಯಕ್ಕೆ ಬೇಡ. ಇಸ್ರೋ 2013ರಿಂದ ಕಟ್ಟುತ್ತ ಬಂದಿರುವ, ಹಾಸನದ ಕೇಂದ್ರವೂ ನಿರ್ವಹಣೆಯಲ್ಲಿ ಪಾಲ್ಗೊಂಡಿರುವ ಈ ಭಾರತೀಯ ಉಪಗ್ರಹ ಸ್ಥಾನಸೂಚಕ ವ್ಯವಸ್ಥೆ ಹೆಮ್ಮೆಗೆ ಅರ್ಹವಾದದ್ದು. ಆದರೆ ಅದರ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿದ್ದು, ಅವುಗಳ ಜಾಗ ತುಂಬುವ ಕೆಲಸ ನಿಧಾನವಾಗಿ ಸಾಗಿದೆ.

ಉಪಗ್ರಹದ ಮೂಲಕ ಸಂದೇಶವನ್ನೂ ಕಳಿಸಬಲ್ಲ ಮಾದರಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ವಿದೇಶದಲ್ಲಿರುವ ಬಂಧುಗಳ ಕೈಯಲ್ಲಿ ಸಾಧನ ತರಿಸುವ ರೂಢಿ ನಮ್ಮ ಮನೆಗಳಲ್ಲಿ ಇದೆ. ಆದರೆ ಗಾರ್ಮಿನ್ ಇನ್‌ರೀಚ್ ಬಗೆಯ ಉಪಗ್ರಹ ಸಂದೇಶವಾಹಕವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧವಾಗಿದ್ದು, 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಕೆನಡಾದ ಪ್ರವಾಸಿಯೊಬ್ಬರನ್ನು ಇದೇ ಕಾರಣಕ್ಕೆ ತಡೆಹಿಡಿಯಲಾಯಿತು. ಸಂಕೇತವನ್ನು ಸ್ವೀಕರಿಸುವುದಷ್ಟೇ ಬಲ್ಲ ಸಾಧನವನ್ನು ಕೂಡ ವಿಮಾನದಲ್ಲಿ ಒಯ್ಯುವ ಮುನ್ನ ವಿಮಾನ ಸಂಸ್ಥೆಯನ್ನು ವಿಚಾರಿಸುವುದು ಲೇಸು.

ಇನ್ನು ಹಣದ ಲೆಕ್ಕ. ಉದಾಹರಣೆಗೆ ಸಾಧನದ ಬೆಲೆ ₹18,000 ಎಂದೂ, ಅದು 6 ವರ್ಷ ಬಾಳಿ ಕೊನೆಗೆ ₹3,000ಕ್ಕೆ ಮಾರಾಟವಾಗುವುದೆಂದೂ ಇಟ್ಟುಕೊಂಡರೆ, ವರ್ಷದ ವೆಚ್ಚ ₹2,500. ವರ್ಷಕ್ಕೆ 10 ಬಾರಿ ಗುಡ್ಡಕ್ಕೆ ಹೋಗುವವರಿಗೆ ಒಂದು ತಿರುಗಾಟಕ್ಕೆ ₹250 ಬೀಳುತ್ತದೆ. 3 ಬಾರಿ ಮಾತ್ರ ಹೋಗುವವರಿಗೆ ₹830 ದಾಟುತ್ತದೆ. ಈ ಹವ್ಯಾಸದ ಹಣವನ್ನು ಅಂಕಣಕಾರರು ತಿಂಗಳಿಗಿಷ್ಟೆಂದು ಬೇರೆ ಎತ್ತಿಟ್ಟು, ಪೂರ್ತಿ ಕೂಡಿದ ಮೇಲೆಯೇ ಕೊಳ್ಳುವ ಪದ್ಧತಿಯನ್ನು ಪಾಲಿಸುತ್ತಾರೆ. ಬಡ್ಡಿಯಿಲ್ಲದ ಕಂತು ಎಂದು ಪ್ರಚಾರವಾಗುವ ಯೋಜನೆಗಳಲ್ಲಿ ಬಡ್ಡಿ ಇದ್ದೇ ಇರುತ್ತದೆ. ಅದನ್ನು ರಿಯಾಯಿತಿಯ ರೂಪದಲ್ಲಿ ಸರಿದೂಗಿಸಿ ತೋರಿಸುತ್ತಾರೆ, ಮತ್ತು ಕ್ರೆಡಿಟ್ ಕಾರ್ಡ್ ಕಂತಿನ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿಯನ್ನೂ ಎಷ್ಟೋ ಕಡೆ ಸಂಸ್ಕರಣಾ ಶುಲ್ಕವನ್ನೂ ಕೊಳ್ಳುವವರೇ ತೆರಬೇಕಾಗುತ್ತದೆ. ಶೂನ್ಯ ಬಡ್ಡಿಯ ಇಂತಹ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಆಕ್ಷೇಪ ಎತ್ತಿತ್ತು.

ಖರೀದಿಯ ತೂಕವನ್ನು ಬದಲಿಸುವ ಇನ್ನೊಂದು ಸಂಗತಿಯೂ ಉಂಟು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಸಂರಕ್ಷಿತ ಸ್ಮಾರಕಗಳಲ್ಲಿ ಡಬ್ಬಿ ಬಚ್ಚಿಡುವುದಾಗಲಿ ಕಲ್ಲು ಕದಲಿಸುವುದಾಗಲಿ ಸಲ್ಲದು; ಐಹೊಳೆಯ ಮೇಗುಟಿ ಗುಡ್ಡದ ಶಿಲಾಸಮಾಧಿಗಳ ನಡುವೆ ಒಂದು ಚಪ್ಪಡಿ ಸರಿದರೂ ಆಗುವ ನಷ್ಟವನ್ನು ಯಾವ ಹವ್ಯಾಸವೂ ತುಂಬಿಕೊಡಲಾರದು. ಈ ಸೀಮೆಗೆ ಒಪ್ಪುವುದು ಅರ್ಥ್‌ಕ್ಯಾಶ್, ಅಂದರೆ ಡಬ್ಬಿಯೇ ಇಲ್ಲದೆ, ನಿಗದಿತ ಸ್ಥಳಕ್ಕೆ ಹೋಗಿ ಅಲ್ಲಿನ ಶಿಲೆಯನ್ನು ಗಮನಿಸಿ ಪ್ರಶ್ನೆಗಳಿಗೆ ಉತ್ತರಿಸುವ ಬಗೆ. ಅಮೆರಿಕದ ಭೂವೈಜ್ಞಾನಿಕ ಸಂಘ 2004ರಲ್ಲಿ ಇದನ್ನು ಆರಂಭಿಸಿತು. ಇಡೀ ಬಂಡೆಯೇ ಗುರಿಯಾದಾಗ ಐದು ಮೀಟರಿನ ವ್ಯತ್ಯಾಸ ಬಾಧಿಸುವುದಿಲ್ಲ. ಇಷ್ಟರಲ್ಲಿಯೇ ತೃಪ್ತರಾಗುವವರಿಗೆ ಫೋನಿನೊಡನೆ ಒಂದು ಪವರ್ ಬ್ಯಾಂಕ್ ಇದ್ದರೆ ಸಾಕು.

ಕೊಳ್ಳಲೇಬೇಕೆಂದು ನಿರ್ಧರಿಸಿದವರು ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಸಾಧನವನ್ನು ಕಂದರದಲ್ಲಿಯೇ ಪರೀಕ್ಷಿಸತಕ್ಕದ್ದು, ಏಕೆಂದರೆ ಬಯಲಿನಲ್ಲಿ ಎಲ್ಲ ಸಾಧನಗಳೂ ಚೆನ್ನಾಗಿಯೇ ಕಾಣುತ್ತವೆ. ಬಂಡೆಯ ಬುಡದಲ್ಲಿ ಸುಲಭವಾಗಿ ಗುರುತಿಸಬಹುದಾದ ಒಂದು ಜಾಗದಲ್ಲಿ ನಿಂತು, ಬೆಳಿಗ್ಗೆಯೂ ಸಂಜೆಯೂ, ಸಾಧ್ಯವಾದರೆ ಬೇರೆ ಬೇರೆ ದಿನಗಳಲ್ಲಿಯೂ, ಸಾಧನ ಮತ್ತು ಫೋನು ಎರಡರಲ್ಲಿಯೂ ಅದೇ ಬಿಂದುವನ್ನು ದಾಖಲಿಸಬೇಕು. ಉಪಗ್ರಹಗಳ ಜೋಡಣೆ ಗಂಟೆಗಂಟೆಗೂ ಬದಲಾಗುವುದರಿಂದ ಒಂದೇ ದಾಖಲೆಯನ್ನು ನಂಬಲಾಗದು. ಆಮೇಲೆ ಎರಡರ ಬಿಂದುಗಳನ್ನೂ ನಕ್ಷೆಯ ಮೇಲೆ ಇಟ್ಟು ನೋಡಿದಾಗ, ಸಾಧನದ ಬಿಂದುಗಳು ಫೋನಿನವುಗಳಷ್ಟೇ ಚದುರಿದ್ದು, ಬಿಸಿಲಿನ ಕಾರಣವೂ ಕೊಳ್ಳುವವರಿಗೆ ಮುಖ್ಯವಲ್ಲದಿದ್ದರೆ, ಸಾಧನವನ್ನು ಬಿಲ್ಲು ಮತ್ತು ಪೆಟ್ಟಿಗೆಯೊಡನೆ ಅಂಗಡಿಗೆ ಮರಳಿಸಬೇಕು.